ಕೆಪಿಜಿಸಿ10: ಈ ಕೋಡ್‌ನಲ್ಲಿ ಅಡಗಿದೆ ಸ್ಕೈಲೈನ್ ಜನಕ ಸಕುರಾಯಿ ಬದುಕಿನ ಕಥೆ!

ಫಾಸ್ಟ್ ಆಂಡ್ ಫ್ಯೂರಿಯಸ್ ಸಿನಿಮಾ ಸರಣಿ ನೋಡಿದವರಿಗೆ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಪರಿಚಯ ಬೇಕಿಲ್ಲ. ಆದರೆ ಜಪಾನ್‌ನಿಂದ ಹಳೆಯ ಸ್ಕೈಲೈನ್ ತರಿಸಿಕೊಳ್ಳುವವರು ಮೊದಲು ನೋಡುವುದು ಕಾರಿನ ಅಂದವನ್ನಲ್ಲ, ಬಾನೆಟ್ ಕೆಳಗಿರುವ ಮಾಡೆಲ್ ಕೋಡ್ ಅನ್ನು. ಅದರಲ್ಲಿ ಒಂದು ಅಕ್ಷರ ಕಡಿಮೆಯಿದ್ದರೂ ಬೆಲೆ ಪಾತಾಳಕ್ಕಿಳಿಯುತ್ತದೆ. ಈ ಅಕ್ಷರಗಳನ್ನು ಬಿಡಿಸುತ್ತಾ ಹೋದರೆ ಸಿಗುವುದು ಒಬ್ಬ ಎಂಜಿನಿಯರ್‌ನ ಜೀವನ. ಅವರೇ ಶಿನಿಚಿರೊ ಸಕುರಾಯಿ.

ಕಟ್ಟಡ ಕಂಪನಿಯಿಂದ ಕಾರು ಕಾರ್ಖಾನೆಗೆ

1929ರಲ್ಲಿ ಯೊಕೊಹಾಮಾದಲ್ಲಿ ಹುಟ್ಟಿದ ಸಕುರಾಯಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಮೊದಲ ಕೆಲಸ ಸಿಕ್ಕಿದ್ದು ಕಟ್ಟಡ ನಿರ್ಮಾಣ ಕಂಪನಿಯಲ್ಲಿ. 1952ರಲ್ಲಿ ಅವರು ಪ್ರಿನ್ಸ್ ಕಾರು ಸಂಸ್ಥೆ ಸೇರಿದರು. ಯುದ್ಧದ ನಂತರ ಕೆಲಸ ಕಳೆದುಕೊಂಡ ವಿಮಾನ ಎಂಜಿನಿಯರ್‌ಗಳು ಕಟ್ಟಿದ ಸಂಸ್ಥೆಯದು. 1957ರಲ್ಲಿ ಬಂದ ಮೊದಲ ಸ್ಕೈಲೈನ್ ವಿನ್ಯಾಸದಲ್ಲಿ ಅವರ ಪಾಲೂ ಇತ್ತು.

ಎಸ್54: ಮೂತಿ ಉದ್ದವಾದ ಕಾರು

1964ರ ಜಪಾನ್ ಗ್ರ್ಯಾನ್ ಪ್ರೀಗೆ ಸ್ಕೈಲೈನ್‌ಗೆ ಹೆಚ್ಚಿನ ಶಕ್ತಿ ಬೇಕಿತ್ತು. ಗ್ಲೋರಿಯಾ ಕಾರಿನ ಆರು ಸಿಲಿಂಡರ್ ಎಂಜಿನ್ ಇತ್ತು, ಆದರೆ ಅದನ್ನಿಡಲು ಜಾಗವಿರಲಿಲ್ಲ. ಸಕುರಾಯಿ ತಂಡ ಕಾರಿನ ಮೂತಿಯನ್ನೇ 200 ಮಿ.ಮೀ. ಉದ್ದ ಮಾಡಿತು. ಹೀಗೆ ಹುಟ್ಟಿದ್ದು ಎಸ್54. ಸುಜುಕಾ ಟ್ರ್ಯಾಕ್‌ನಲ್ಲಿ ಗೆದ್ದಿದ್ದು ಪೋರ್ಷೆ 904. ಎರಡರಿಂದ ಆರನೇ ಸ್ಥಾನದವರೆಗೆ ಬಂದಿದ್ದು ಸ್ಕೈಲೈನ್‌ಗಳು! ನಡುವೆ ಸ್ವಲ್ಪ ಹೊತ್ತು ಸ್ಕೈಲೈನ್ ಪೋರ್ಷೆಯನ್ನೂ ಹಿಂದಿಕ್ಕಿತ್ತು.

ಸೋಲು ಸಕುರಾಯಿಯವರನ್ನು ಸುಮ್ಮನಿರಲು ಬಿಡಲಿಲ್ಲ. ಅವರ ನೇತೃತ್ವದಲ್ಲಿ ತಯಾರಾದ ಆರ್380 ರೇಸ್ ಕಾರು 1966ರ ಗ್ರ್ಯಾನ್ ಪ್ರೀ ಗೆದ್ದಿತು. ಅದೇ ವರ್ಷ ಪ್ರಿನ್ಸ್ ಸಂಸ್ಥೆ ನಿಸ್ಸಾನ್‌ನಲ್ಲಿ ವಿಲೀನವಾಯಿತು. ಆದರೂ ಸ್ಕೈಲೈನ್ ಅವರ ಕೈತಪ್ಪಲಿಲ್ಲ.

ಪಿ ಅಕ್ಷರದ ಬೆಲೆ

1968ರಲ್ಲಿ ಬಂದ ತಲೆಮಾರಿನ ಕೋಡ್ ಸಿ10. ಆರು ಸಿಲಿಂಡರ್‌ನ ಜಿಟಿ ಆದರೆ ಜಿಸಿ10. 1969ರ ಜಿಟಿ-ಆರ್‌ಗೆ ಆರ್380 ಎಂಜಿನ್ ಆಧರಿಸಿದ ಎಸ್20 ಎಂಜಿನ್ ಕೂರಿಸಿದಾಗ ಅದು ಪಿಜಿಸಿ10 ಆಯಿತು. ಶಕ್ತಿ 160 ಅಶ್ವಶಕ್ತಿ. 1970ರಲ್ಲಿ ಎರಡು ಬಾಗಿಲಿನ ಹಾರ್ಡ್‌ಟಾಪ್ ಬಂದಾಗ ಮುಂದೆ ಕೆ ಸೇರಿ ಕೆಪಿಜಿಸಿ10 ಆಯಿತು.

ಸಾಮಾನ್ಯ ಜಿಟಿ ಹಾರ್ಡ್‌ಟಾಪ್‌ನ ಕೋಡ್ ಕೆಜಿಸಿ10. ಅದಕ್ಕೆ ಜಿಟಿ-ಆರ್ ವೇಷ ಹಾಕುವುದು ಸುಲಭ. ಆದರೆ ಕೋಡ್‌ನಲ್ಲಿ ಪಿ ಇಲ್ಲದಿದ್ದರೆ ಗುಟ್ಟು ರಟ್ಟಾಗುತ್ತದೆ!

1973ರ ಕೆಪಿಜಿಸಿ110 ಇನ್ನೂ ಅಪರೂಪ. ಮಾಲಿನ್ಯ ನಿಯಮಗಳು ಬಿಗಿಯಾಗಿ 200ಕ್ಕೂ ಕಡಿಮೆ ಕಾರುಗಳಿಗೇ ಮಾರಾಟ ನಿಂತಿತು. 1981ರ ಆರ್30 ತಲೆಮಾರಿನಲ್ಲಿ ಸಕುರಾಯಿ ಮತ್ತೆ ವೇಗದ ಕಾರು ಕೊಟ್ಟರು. ಆದರೆ ನಾಲ್ಕು ಸಿಲಿಂಡರ್‌ನ ಡಿಆರ್30ಗೆ ಸಿಕ್ಕಿದ್ದು ಆರ್‌ಎಸ್ ಹೆಸರು, ಜಿಟಿ-ಆರ್ ಅಲ್ಲ.

ಕೊನೆಯಲ್ಲಿ ಕೈತಪ್ಪಿದ ಕಾರು

ಆರ್31 ಬಿಡುಗಡೆಗೆ ಕೆಲವೇ ತಿಂಗಳಿರುವಾಗ ಸಕುರಾಯಿ ಅನಾರೋಗ್ಯದಿಂದ ಆಸ್ಪತ್ರೆ ಸೇರಿದರು. ಅವರ ಬಳಿಯೇ ಪಳಗಿದ್ದ ನಾಗನೋರಿ ಇಟೊ ಹೊಣೆ ಹೊತ್ತರು. ಚೇತರಿಸಿಕೊಂಡ ಸಕುರಾಯಿ 1986ರಲ್ಲಿ ಆಟೆಕ್ ಜಪಾನ್ ಸಂಸ್ಥೆಯ ಮೊದಲ ಅಧ್ಯಕ್ಷರಾದರು. ಸ್ಕೈಲೈನ್ ಮಾತ್ರ ಮತ್ತೆ ಅವರ ಕೈಗೆ ಬರಲಿಲ್ಲ.

1989ರಲ್ಲಿ ಜಿಟಿ-ಆರ್ ಹೆಸರು ಮರಳಿತು. ಆ ಕಾರಿನ ಕೋಡ್ ಬಿಎನ್ಆರ್32. ಬಿ ಎಂದರೆ ಆರ್‌ಬಿ26 ಎಂಜಿನ್, ಎನ್ ಎಂದರೆ ನಾಲ್ಕೂ ಚಕ್ರಗಳಿಗೆ ಶಕ್ತಿ. ಜಪಾನ್‌ನ ಗ್ರೂಪ್ ಎ ಸರಣಿಯಲ್ಲಿ 1990ರಿಂದ 1993ರವರೆಗೆ 29 ರೇಸ್‌ಗಳಲ್ಲಿ 29ನ್ನೂ ಗೆದ್ದ ಕಾರಿದು. ಕಟ್ಟಿದ್ದು ಶಿಷ್ಯ ಇಟೊ ಅವರ ತಂಡ. ಆದರೆ ಆರು ಸಿಲಿಂಡರ್‌ನ ಸ್ಕೈಲೈನ್ ರೇಸ್ ಗೆಲ್ಲಬೇಕೆಂಬ ಹಟ ಗುರುವಿನದು.

2011ರ ಜನವರಿ 17ರಂದು, 81ನೇ ವಯಸ್ಸಿನಲ್ಲಿ ಸಕುರಾಯಿ ನಿಧನರಾದರು. ಅವರ ಹೆಸರಿನ ಒಂದಕ್ಷರವೂ ಯಾವ ಕೋಡ್‌ನಲ್ಲೂ ಇಲ್ಲ. ಆದರೂ ಹಳೆಯ ಜಿಟಿ-ಆರ್ ಕೊಳ್ಳಲು ಹೊರಟವರು ಬಾನೆಟ್ ಎತ್ತಿ ಮೊದಲು ಹುಡುಕುವುದು ಅವರ ಎಂಜಿನ್‌ನ ಗುರುತಾದ ಆ ಪಿ ಅಕ್ಷರವನ್ನೇ.