10 ಕೆಜಿ ಗಡ್ಡೆ, ಅರಿವಳಿಕೆ ಇಲ್ಲ, ಡಾಕ್ಟರ್ ಹತ್ರ ಡಿಗ್ರಿನೂ ಇಲ್ಲ: ಮೊದಲ ಸಲ ಹೊಟ್ಟೆ ಕೊಯ್ದು ಹೊಲಿದು ಗೆದ್ದವರ ಕಥೆ

ಹೊಟ್ಟೆಯಿಂದ ಕೆಜಿಗಟ್ಟಲೆ ಗಡ್ಡೆ ತೆಗೆದರು ಅನ್ನೋ ಸುದ್ದಿ ನಮಗೀಗ ಮಾಮೂಲಿ. ಆದರೆ 200 ವರ್ಷದ ಹಿಂದೆ ಹೊಟ್ಟೆ ಕೊಯ್ದರೆ ರೋಗಿ ಸತ್ತಂತೆಯೇ ಅಂತ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಆ ನಂಬಿಕೆ ಮುರಿದವರು ಅಮೆರಿಕದ ಎಫ್ರೈಮ್ ಮೆಕ್‌ಡವೆಲ್.

1771ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಇವರು ಬೆಳೆದದ್ದು ಕೆಂಟಕಿಯ ಡ್ಯಾನ್‌ವಿಲ್ ಅನ್ನೋ ಸಣ್ಣ ಊರಲ್ಲಿ. ವೈದ್ಯಕೀಯ ಓದೋಕೆ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದರು. ಅಲ್ಲಿ ಜಾನ್ ಬೆಲ್ ಅನ್ನೋ ಹೆಸರಾಂತ ಸರ್ಜನ್ ಹತ್ರ ಪಾಠ ಕೇಳಿದರು. ಆದರೆ ಡಿಗ್ರಿ ಪಡೆಯದೆ 1795ರಲ್ಲಿ ಊರಿಗೆ ವಾಪಸ್ ಬಂದು ಪ್ರಾಕ್ಟೀಸ್ ಶುರು ಮಾಡಿದರು. ಕಾಲೇಜು ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಈ ಮಾತು ಸ್ವಲ್ಪ ಜಾಸ್ತಿನೇ ತಟ್ಟಿತು.

1809ರ ಡಿಸೆಂಬರ್‌ನಲ್ಲಿ ದೂರದ ಹಳ್ಳಿಯಿಂದ ಕರೆ ಬಂತು. ಜೇನ್ ಟಾಡ್ ಕ್ರಾಫರ್ಡ್ ಅನ್ನೋ ಹೆಂಗಸಿಗೆ ಹೊಟ್ಟೆ ವಿಪರೀತ ಊದಿತ್ತು. ಬಸುರಿ, ದಿನ ಮೀರಿದೆ ಅಂತ ಅಲ್ಲಿಯ ವೈದ್ಯರು ಅಂದುಕೊಂಡಿದ್ದರು. ಮೆಕ್‌ಡವೆಲ್ ನೋಡಿದಾಗ ಅದು ಮಗುವಲ್ಲ, ಅಂಡಾಶಯದ ಗಡ್ಡೆ. ಇಂಥ ಆಪರೇಷನ್ ಗೆದ್ದ ಉದಾಹರಣೆಯೇ ಇಲ್ಲ, ಜೀವ ಹೋಗಬಹುದು ಅಂತ ಮುಚ್ಚಿಡದೆ ಹೇಳಿದರು. ಆಕೆ ಒಪ್ಪಿದರು. ಸುಮಾರು 95 ಕಿ.ಮೀ. ದಾರಿಯನ್ನು ಕುದುರೆ ಮೇಲೆ ಕೂತು ಬಂದರು. ಜೀನಿಗೆ ಒತ್ತಿ ಒತ್ತಿ ಹೊಟ್ಟೆಯ ಚರ್ಮವೇ ಕಂದಿತ್ತು.

ಕ್ರಿಸ್‌ಮಸ್ ದಿನ ಡಾಕ್ಟರ ಮನೆಯಲ್ಲೇ ಆಪರೇಷನ್. ಈಥರ್ ಅರಿವಳಿಕೆ ಬರೋಕೆ ಇನ್ನೂ 37 ವರ್ಷ ಬೇಕಿತ್ತು, ಹಾಗಾಗಿ ಜೇನ್ ಪೂರ್ತಿ ಎಚ್ಚರದಲ್ಲೇ ಇದ್ದರು. ಎಡಗಡೆ 9 ಇಂಚು ಕೊಯ್ದ ತಕ್ಷಣ ಕರುಳು ಟೇಬಲ್ ಮೇಲೆ ಜಾರಿತು. ಗಡ್ಡೆ ಹೊಟ್ಟೆ ತುಂಬಾ ಇದ್ದದ್ದರಿಂದ ಒಳಗೆ ತಳ್ಳೋಕೆ ಜಾಗವೇ ಇರಲಿಲ್ಲ. ಮೊದಲು ಗಡ್ಡೆಯ ಬುಡಕ್ಕೆ ದಾರ ಬಿಗಿದರು. ಆಮೇಲೆ ಅದನ್ನು ಸೀಳಿ ಒಳಗಿನ ಲೋಳೆ ತೆಗೆದು, ಕೊನೆಗೆ ಚೀಲವನ್ನೂ ಕತ್ತರಿಸಿ ತೆಗೆದರು. ಒಟ್ಟು ತೂಕ 10 ಕೆಜಿ ಮೇಲೆ. ಹಿಡಿದ ಸಮಯ ಸುಮಾರು 25 ನಿಮಿಷ.

ಹೊಟ್ಟೆ ಮುಚ್ಚೋದೂ ಅಷ್ಟೇ ಮುಖ್ಯ. ಜೇನ್ ಅವರನ್ನು ಪಕ್ಕಕ್ಕೆ ಹೊರಳಿಸಿ ಒಳಗಿದ್ದ ರಕ್ತ ಹೊರಗೆ ಹರಿಯೋ ಹಾಗೆ ಮಾಡಿದರು. ಆಮೇಲೆ ಬಿಡಿ ಬಿಡಿ ಹೊಲಿಗೆ ಹಾಕಿ, ಎರಡು ಹೊಲಿಗೆ ನಡುವೆ ಅಂಟುಪಟ್ಟಿ ಹಚ್ಚಿ ಗಾಯದ ಅಂಚುಗಳನ್ನು ಜೋಡಿಸಿದರು. ಇವತ್ತು ದೊಡ್ಡ ಗಡ್ಡೆ ಜೊತೆ ಹೊಟ್ಟೆಯ ಗೋಡೆಯೂ ಹೋದರೆ ಮೆಶ್ ಅಂದ್ರೆ ಬಲೆ ಇಟ್ಟು, ಇಲ್ಲವೇ ಬೇರೆ ಕಡೆಯ ಸ್ನಾಯು ತಿರುಗಿಸಿ ಗೋಡೆ ಕಟ್ಟುತ್ತಾರೆ. ಅವರ ಕೈಲಿ ಇದ್ದದ್ದು ಸೂಜಿ, ದಾರ, ಪಟ್ಟಿ ಅಷ್ಟೇ.

ಐದು ದಿನ ಬಿಟ್ಟು ನೋಡಿದರೆ ಜೇನ್ ಎದ್ದು ತಮ್ಮ ಹಾಸಿಗೆ ತಾವೇ ಸರಿಮಾಡ್ತಿದ್ದರು! 25 ದಿನಕ್ಕೆ ಊರಿಗೆ ಹೊರಟರು. ಆಮೇಲೆ 32 ವರ್ಷ ಬದುಕಿದರು.

ಮೆಕ್‌ಡವೆಲ್ ಇದನ್ನು ಪ್ರಕಟಿಸಿದ್ದು 1817ರಲ್ಲಿ, ಮೂರು ಕೇಸ್ ಸೇರಿಸಿ. ಲಂಡನ್ನಿನ ಒಬ್ಬ ಸಂಪಾದಕರು ಗೇಲಿ ಮಾಡಿ, ವರ್ಷಗಳ ನಂತರ ಕ್ಷಮೆ ಕೇಳಿದರು. ಇನ್ನೊಂದು ಮಾತು ಬಿಡುವ ಹಾಗಿಲ್ಲ. ಉಳಿದ ಇಬ್ಬರು ರೋಗಿಗಳು ಗುಲಾಮಗಿರಿಯಲ್ಲಿದ್ದ ಕಪ್ಪು ಮಹಿಳೆಯರು. ಜೇನ್‌ಗೆ ಇದ್ದಂತೆ ಬೇಡ ಅನ್ನುವ ಹಕ್ಕು ಅವರಿಗೆಲ್ಲಿತ್ತು? ಅವರ ಧೈರ್ಯಕ್ಕೆ ಹೆಸರೂ ಉಳಿದಿಲ್ಲ.

1812ರಲ್ಲಿ ಇದೇ ಡಾಕ್ಟರು ಹದಿಹರೆಯದ ಹುಡುಗನೊಬ್ಬನ ಮೂತ್ರಕೋಶದ ಕಲ್ಲು ತೆಗೆದರು. ಆ ಹುಡುಗ ಜೇಮ್ಸ್ ಪೋಕ್ ಮುಂದೆ ಅಮೆರಿಕದ ಅಧ್ಯಕ್ಷನಾದ. 1825ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮೆಕ್‌ಡವೆಲ್ ಅವರಿಗೆ ಗೌರವ ಎಂ.ಡಿ. ಕೊಟ್ಟಿತು.

1830ರ ಜೂನ್‌ನಲ್ಲಿ ತೀವ್ರ ಹೊಟ್ಟೆನೋವಿನಿಂದ ತೀರಿಕೊಂಡರು. ಅಪೆಂಡಿಕ್ಸ್ ಒಡೆದಿರಬೇಕು ಅನ್ನೋದು ಈಗಿನವರ ಲೆಕ್ಕ. ಆ ಕಾಲದಲ್ಲಿ ಅಪೆಂಡಿಕ್ಸ್‌ಗೆ ಹೊಟ್ಟೆ ಕೊಯ್ಯುವ ರೂಢಿ ಇನ್ನೂ ಬಂದಿರಲಿಲ್ಲ. ಬೇರೆಯವರ ಹೊಟ್ಟೆ ತೆರೆದು ಜೀವ ಉಳಿಸಿದವರು, ತಮ್ಮ ಹೊಟ್ಟೆಯ ನೋವಿಗೇ ಹೋದರು.