ಹಲ್ಲಿನಿಂದ ಹುಳ ಉದುರುವ ವಿಡಿಯೊ ನಿಜವೇ? 1700ರಲ್ಲೇ ಪರೀಕ್ಷಿಸಿದ್ದ ಬಟ್ಟೆ ವ್ಯಾಪಾರಿ

ಬೀಜದ ಹೊಗೆ ಹಿಡಿಸಿದರೆ ಹಲ್ಲಿನಿಂದ ಬಿಳಿ ಹುಳ ಉದುರುವ ವಿಡಿಯೊ ನಿಮಗೂ ಬಂದಿರಬಹುದು. ವಿಜಯಪುರ, ತಿಕೋಟಾ, ಬಬಲೇಶ್ವರದ ನಮ್ಮ ಬಂಧುಬಳಗದ ಗ್ರೂಪಿನಲ್ಲಿ ಅದು ಆಗಾಗ ತಿರುಗುತ್ತಲೇ ಇರುತ್ತದೆ. ಇಂಥ ಹುಳವನ್ನು ಮೊದಲೇ ಪರೀಕ್ಷಿಸಿದವನೊಬ್ಬನಿದ್ದ: ಆಂಟನಿ ವಾನ್ ಲೇವನ್‌ಹುಕ್.

ಹುಟ್ಟಿದ್ದು 1632ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ. ತಂದೆ ಬುಟ್ಟಿ ಹೆಣೆಯುವವರು. ಇಲ್ಲಿ ಗೋಳಗುಮ್ಮಟ ಏಳುತ್ತಿದ್ದ ಕಾಲಕ್ಕೆ ಆತ ಆಮ್‌ಸ್ಟರ್‌ಡಾಮಿನಲ್ಲಿ ಬಟ್ಟೆ ವ್ಯಾಪಾರ ಕಲಿಯುತ್ತಿದ್ದ. ಕಾಲೇಜು ಓದಲಿಲ್ಲ, ವಿದ್ವಾಂಸರ ಲ್ಯಾಟಿನ್ ಬರುತ್ತಿರಲಿಲ್ಲ. ಆದರೆ ಕಾಳಿನಷ್ಟು ಚಿಕ್ಕ ಮಸೂರಗಳನ್ನು ತಾನೇ ಮಾಡಿಕೊಂಡು, ಕಂಡದ್ದನ್ನೆಲ್ಲ 1673ರಿಂದ ಡಚ್ ಭಾಷೆಯಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ.

ದಿನಾ ಬೆಳಿಗ್ಗೆ ಉಪ್ಪಿನಿಂದ ಹಲ್ಲು ಉಜ್ಜುವ, ಕಡ್ಡಿ ಆಡಿಸುವ ರೂಢಿ ಆತನದು. ಆದರೂ ಸಂದಿಯಲ್ಲಿ ಹಿಟ್ಟಿನಂಥ ಬಿಳಿ ಕೊಳೆ ಉಳಿಯುತ್ತಿತ್ತು. 1683ರಲ್ಲಿ ಅದನ್ನು ಮಳೆನೀರಿನಲ್ಲಿ ಕಲಸಿ ನೋಡಿದಾಗ ಸೂಕ್ಷ್ಮಜೀವಿಗಳು ಓಡಾಡುತ್ತಿದ್ದವು. ಅವೇ ಇಂದಿನ ಬ್ಯಾಕ್ಟೀರಿಯಾ. ವಿನೆಗರ್ ಬೆರೆಸಿದರೆ ತಕ್ಷಣ ಸತ್ತವು. ಆದರೆ ವಿನೆಗರಿನಿಂದ ಬಾಯಿ ಮುಕ್ಕಳಿಸಿ ಮತ್ತೆ ನೋಡಿದರೆ ಬಹಳಷ್ಟು ಬದುಕೇ ಇದ್ದವು! ದಪ್ಪ ಪದರದ ಒಳಗೆ ವಿನೆಗರ್ ಇಳಿದಿರಲಿಲ್ಲ. ಮುಕ್ಕಳಿಸಿದರೆ ಸಾಕು ಎನ್ನುವ ಫಾರ್ವರ್ಡ್‌ಗಳಿಗೂ ಇದೇ ಉತ್ತರ.

ಮುಂದೆ, ಹೊಗೆ ಹಾಕಿ ಹಲ್ಲಿನಿಂದ ತೆಗೆದದ್ದೆಂಬ ಹುಳಗಳು ಆತನ ಕೈಸೇರಿದವು. ಆತ ನಂಬಲೂ ಇಲ್ಲ, ನಗಲೂ ಇಲ್ಲ. ಹಳೆಯ ಚೀಸ್‌ನಲ್ಲಿ ಆಗುವ ಹುಳ ತರಿಸಿ ಪಕ್ಕದಲ್ಲಿಟ್ಟು ನೋಡಿದ. ಎರಡೂ ಒಂದೇ. 1700ರಲ್ಲಿ ಅದನ್ನೂ ಬರೆದು ಕಳಿಸಿದ. (ಹೊಗೆಗೆ ಹಾಕುವ ಕೆಲವು ಬೀಜಗಳು ಬಿಸಿಗೆ ಒಡೆದಾಗ ಒಳಗಿನ ಭ್ರೂಣವೇ ಹುಳದಂತೆ ಕಾಣುತ್ತದೆ.)

1723ರಲ್ಲಿ, 90ರ ವಯಸ್ಸಿನಲ್ಲಿ ಆತ ತೀರಿಕೊಂಡ. ಆತನ ಮಸೂರಕ್ಕೆ ಕಾಣದ ಭಾಗ ಇನ್ನೂ ಇತ್ತು. ನಮ್ಮ ಜೀವಕೋಶಗಳಿಗೆ ಹೊತ್ತು ಬಂದಾಗ ಅಚ್ಚುಕಟ್ಟಾಗಿ ಸಾಯುವ ವ್ಯವಸ್ಥೆ ಒಳಗೇ ಇದೆ. ಅದಕ್ಕೆ ಅಪೊಪ್ಟೋಸಿಸ್ ಎಂಬ ಹೆಸರು ಬಂದದ್ದು 1972ರಲ್ಲಿ. ಕೊಳೆಯ ಬ್ಯಾಕ್ಟೀರಿಯಾ ಜೊತೆ ಹೋರಾಡಲು ಒಸಡಿಗೆ ಬಂದ ಬಿಳಿ ರಕ್ತಕಣಗಳು ಕೆಲಸ ಮುಗಿಸಿ ಹೀಗೆ ಸಾಯಬೇಕು, ಬೇರೆ ಕೋಶಗಳು ಅವನ್ನು ನುಂಗಿ ಜಾಗ ತೆರವು ಮಾಡಬೇಕು. ಒಸಡಿನ ರೋಗದಲ್ಲಿ ಈ ಲೆಕ್ಕ ತಪ್ಪುತ್ತದೆ: ಕೆಲವು ಕಣಗಳು ಸಾಯುವುದು ತಡವಾಗುತ್ತದೆ, ಒಸಡಿನ ಕೆಲವು ಕೋಶಗಳು ಅಕಾಲದಲ್ಲಿ ಸಾಯುತ್ತವೆ. ಉರಿಯೂತ ನಿಲ್ಲುವುದಿಲ್ಲ, ಕೊನೆಗೆ ಹಲ್ಲು ಹಿಡಿದಿದ್ದ ಮೂಳೆಯೇ ಕರಗುತ್ತದೆ. ಹೊಗೆ ಹಾಕಿಸುತ್ತ ಕೂತರೆ ಆ ಮೂಳೆ ಮರಳಿ ಬರುವುದಿಲ್ಲ. ಉಜ್ಜುವಾಗ ರಕ್ತ ಕಂಡಾಗಲೇ ದಂತವೈದ್ಯರಲ್ಲಿ ಹೋಗಿ ಆ ಕೊಳೆ ತೆಗೆಸಬೇಕು.