ಮಲಿಕ್-ಎ-ಮೈದಾನ್ ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿ

ವಿಜಯಪುರಕ್ಕೆ ಶಾಲಾ ಪ್ರವಾಸ ಹೋದ ಮಕ್ಕಳು ಗೋಳಗುಮ್ಮಟ ನೋಡಿದ ಮೇಲೆ ಪಶ್ಚಿಮದ ಕೋಟೆಗೋಡೆಯ ಶೇರ್ಜಾ ಬುರುಜಿಗೆ ಹೋಗುತ್ತಾರೆ. ಅಲ್ಲಿರುವ ದೊಡ್ಡ ತೋಪಿನ ಉದ್ದ, ತೂಕಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಅದನ್ನು ಮಾಡಿದವನ ಹೆಸರು ಮಾತ್ರ ಬಹುತೇಕ ವಹಿಗಳಲ್ಲಿ ಇರುವುದಿಲ್ಲ. ಆ ಹೆಸರು ಮಹಮ್ಮದ್ ಬಿನ್ ಹಸನ್ ರೂಮಿ. ಇನ್ನೊಂದು ಕಡೆ, ತಾಳಿಕೋಟೆ ಕದನದ ಪಾಠ ಮಾಡುವಾಗ ರೂಮಿ ಖಾನ್ ಎಂಬ ತೋಪುದಳದ ಮುಖ್ಯಸ್ಥನ ಹೆಸರು ಬರುತ್ತದೆ. ಹೆಸರು ಒಂದೇ ರೀತಿ ಇರುವುದರಿಂದ ಇಬ್ಬರನ್ನೂ ಒಬ್ಬನೇ ಎಂದು ಹೇಳಿಬಿಡುವ ರೂಢಿ ಇದೆ. ನಮ್ಮ ಊರಿನ ಹೆಸರು ಹೊತ್ತ ಕದನವನ್ನು ನಮ್ಮ ಮಕ್ಕಳಿಗೇ ಕಲಿಸುವಾಗ ಈ ಹೆಸರುಗಳನ್ನು ಬಿಡಿಸಿ ಹೇಳುವುದು ಶಿಕ್ಷಕರ ಹೊಣೆ.

ಹೆಸರಿನ ಅರ್ಥ

ರೂಮ್ ಎಂದರೆ ರೋಮ್. ಪೂರ್ವ ರೋಮನ್ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದಿನ ತುರ್ಕಿ ದೇಶವಿರುವ ನಾಡನ್ನು ಅರಬರು ಮತ್ತು ಪರ್ಷಿಯನ್ನರು ಹಾಗೆ ಕರೆದರು. ಮುಂದೆ ಅದು ಆಟೋಮನ್ ತುರ್ಕರ ಕೈಗೆ ಬಂದರೂ ಹೆಸರು ಬದಲಾಗಲಿಲ್ಲ. ಆದ್ದರಿಂದ ರೂಮಿ ಎಂದರೆ ರೂಮ್ ನಾಡಿನವನು. ಬಿನ್ ಎಂದರೆ ಮಗ. ಹಸನನ ಮಗನಾದ, ರೂಮ್ ನಾಡಿನ ಮಹಮ್ಮದ್ ಎಂಬುದು ಅವನ ಪೂರ್ಣ ಹೆಸರಿನ ಅರ್ಥ.

ನಮ್ಮ ಭಾಗದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿಯೂ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಇದೇ ಕ್ರಮದಲ್ಲಿ ಇರುತ್ತವೆ. ತಾಳಿಕೋಟಿ, ಇಂಡಿ, ಸಿಂದಗಿ, ಬಾಗೇವಾಡಿ ಎಂಬ ಅಡ್ಡಹೆಸರುಗಳು ಊರಿನ ಹೆಸರುಗಳೇ. ಬಾಗೇವಾಡಿ ಎಂಬ ಅಡ್ಡಹೆಸರಿನ ಇಬ್ಬರು ಒಂದೇ ಮನೆತನದವರು ಎಂದು ಯಾರೂ ತಿಳಿಯುವುದಿಲ್ಲ. ರೂಮಿಗಳ ವಿಷಯವೂ ಹಾಗೆಯೇ.

ರೂಮ್ ನಾಡಿನಿಂದ ಬಂದವರು

16ನೆಯ ಶತಮಾನದಲ್ಲಿ ತೋಪು ಎರಕ ಹೊಯ್ಯುವುದರಲ್ಲಿಯೂ ಹಾರಿಸುವುದರಲ್ಲಿಯೂ ಆಟೋಮನ್ ತುರ್ಕರಿಗೆ ದೊಡ್ಡ ಹೆಸರಿತ್ತು. 1453ರಲ್ಲಿ ಅವರು ಕಾನ್‌ಸ್ಟಾಂಟಿನೋಪಲ್ಲಿನ ಗೋಡೆಗಳನ್ನು ಭಾರಿ ತೋಪುಗಳಿಂದ ಒಡೆದಿದ್ದರು. ಆ ವಿದ್ಯೆ ಬಲ್ಲವರಿಗೆ ಹಿಂದೂಸ್ತಾನದ ಅರಸರು ಕೈತುಂಬ ಸಂಬಳ, ಜಹಗೀರು, ಬಿರುದು ಕೊಡುತ್ತಿದ್ದರು. ಹೀಗೆ ಬಂದವರಲ್ಲಿ ರೂಮಿ ಎಂಬ ಹೆಸರು ಮತ್ತೆ ಮತ್ತೆ ಕಾಣುತ್ತದೆ.

1526ರ ಪಾಣಿಪತ್ ಕದನದಲ್ಲಿ ಬಾಬರನ ಬಳಿ ಮುಸ್ತಫಾ ರೂಮಿ ಎಂಬ ತೋಪುಗಾರನಿದ್ದ. ಐದು ವರ್ಷದ ನಂತರ, 1531ರಲ್ಲಿ, ಯೆಮೆನ್ ಕಡೆಯಿಂದ ಮುಸ್ತಫಾ ಬಿನ್ ಬಹ್ರಾಮ್ ಎಂಬ ಇನ್ನೊಬ್ಬ ಮುಸ್ತಫಾ ಹಡಗಿನಲ್ಲಿ ದೀವ್ ಬಂದರಿಗೆ ಬಂದ. ಪೋರ್ಚುಗೀಸರ ದಾಳಿಯಿಂದ ಬಂದರನ್ನು ಉಳಿಸಿದ್ದಕ್ಕೆ ಗುಜರಾತಿನ ಸುಲ್ತಾನ ಬಹಾದೂರ್ ಷಾ ಅವನಿಗೆ ರೂಮಿ ಖಾನ್ ಎಂಬ ಬಿರುದು ಕೊಟ್ಟ. 1535ರಲ್ಲಿ ಚಿತ್ತೋಡಗಡದ ಮುತ್ತಿಗೆಯಲ್ಲಿ ತೋಪು ನಡೆಸಿದವನು ಇವನೇ. ಅದೇ ವರ್ಷ ಇವನು ಹುಮಾಯೂನನ ಪಕ್ಷ ಸೇರಿದ. ಮುಂದೆ ಅವನಿಗಾಗಿ ಚುನಾರ್ ಕೋಟೆಯನ್ನು ಗೆದ್ದುಕೊಟ್ಟ. ಇವನ ಜೊತೆ ದೀವ್‌ಗೆ ಬಂದ ಖ್ವಾಜಾ ಸಫರ್ ಸೂರತ್ತಿನ ಕೋಟೆ ಕಟ್ಟಿಸಿದ. 1546ರ ದೀವ್ ಮುತ್ತಿಗೆಯಲ್ಲಿ ಮಡಿದ. ಸಫರನ ಮಗನಿಗೂ ಬಂದ ಬಿರುದು ರೂಮಿ ಖಾನ್.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ರೂಮಿ ಎಂಬುದು ನಾಡಿನ ಗುರುತು. ರೂಮಿ ಖಾನ್ ಎಂಬುದು ಅರಸ ಕೊಟ್ಟ ಬಿರುದು. ಬಿರುದು ಒಬ್ಬನ ನಂತರ ಇನ್ನೊಬ್ಬನಿಗೆ ಹೋಗಬಹುದು.

ಅಹಮದನಗರದ ಎರಕ

ಇಂಥ ಕಾಲದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಅಹಮದನಗರದ ಒಂದನೆಯ ಬುರ್ಹಾನ್ ನಿಜಾಮ್ ಷಾನ ಸೇವೆಯಲ್ಲಿದ್ದ. ಹಿಜರಿ 956ರಲ್ಲಿ, ಅಂದರೆ ಕ್ರಿ.ಶ. 1549ರಲ್ಲಿ, ಅವನು ತನ್ನ ಬಾಳಿನ ದೊಡ್ಡ ಕೆಲಸವನ್ನು ಮುಗಿಸಿದ. ತೋಪಿನ ಉದ್ದ ಸುಮಾರು 4.45 ಮೀಟರ್, ಹೊರ ವ್ಯಾಸ ಸುಮಾರು 1.5 ಮೀಟರ್, ಬಾಯಿಯ ಒಳ ವ್ಯಾಸ ಸುಮಾರು 70 ಸೆಂಟಿಮೀಟರ್, ತೂಕ ಸುಮಾರು 55 ಟನ್. ಮಲಿಕ್-ಎ-ಮೈದಾನ್ ಎಂದರೆ ರಣರಂಗದ ಒಡೆಯ.

ಇಷ್ಟು ದೊಡ್ಡ ಕಂಚಿನ ತೋಪನ್ನು ಎರಕ ಹೊಯ್ಯುವುದು ಸುಲಭವಲ್ಲ. ಮಣ್ಣಿನ ಅಚ್ಚು ಮಾಡಿ, ಗುಂಡು ಕೂಡುವ ಪೊಳ್ಳಿಗಾಗಿ ನಡುವೆ ಮಣ್ಣಿನ ತಿರುಳು ನಿಲ್ಲಿಸಿ, ಕರಗಿದ ಲೋಹವನ್ನು ತಡೆಯಿಲ್ಲದೆ ಹೊಯ್ಯಬೇಕು. ನಡುವೆ ನಿಂತರೆ ಮೊದಲು ಹೊಯ್ದದ್ದು ಆರಿ, ಆಮೇಲಿನದು ಅದಕ್ಕೆ ಕೂಡಿಕೊಳ್ಳುವುದಿಲ್ಲ. ಅಚ್ಚಿನಲ್ಲಿ ಹಸಿ ಉಳಿದರೆ ಆವಿಯಾಗಿ ಸಿಡಿಯುತ್ತದೆ. ಇಷ್ಟು ಲೋಹ ಒಂದೇ ಕುಲುಮೆಯಲ್ಲಿ ಕರಗುವಂಥದ್ದಲ್ಲ; ಹಲವು ಕುಲುಮೆಗಳು ಒಟ್ಟಿಗೇ ಹದಕ್ಕೆ ಬರಬೇಕು. ನೂರಾರು ಆಳುಗಳ ದುಡಿಮೆ ಒಂದು ಗಳಿಗೆಯ ತಪ್ಪಿಗೆ ಹಾಳಾಗುವ ಕೆಲಸ ಇದು.

ಲೋಹವನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು 80 ಭಾಗ ತಾಮ್ರ, 20 ಭಾಗ ತವರ ಕಂಡುಬಂದಿದೆ. ಇದು ಗಂಟೆ ಮಾಡುವ ಕಂಚಿನ ಪಾಕ. ಸಾಮಾನ್ಯವಾಗಿ ತೋಪಿನ ಕಂಚಿಗೆ ತವರ ಇದರ ಅರ್ಧದಷ್ಟು ಸಾಕು. ತವರ ಹೆಚ್ಚಾದರೆ ಲೋಹ ಗಟ್ಟಿಯಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಬಡಿದರೆ ನಾದ ಹೊರಡುತ್ತದೆ. ಈ ತೋಪನ್ನು ತಟ್ಟಿದರೆ ಗಂಟೆಯಂತೆ ದನಿ ಬರುವುದಕ್ಕೆ ಕಾರಣ ಇದೇ. ಪವಾಡವೆಂದು ಹೇಳುವ ಮಾತನ್ನು ವಿಜ್ಞಾನದ ಪಾಠಕ್ಕೆ ಜೋಡಿಸಲು ಇದು ಒಳ್ಳೆಯ ಅವಕಾಶ.

ತೋಪಿನ ಬಾಯಿ ತೆರೆದ ಸಿಂಹಮುಖದಂತಿದೆ. ಹಲ್ಲುಗಳ ನಡುವೆ ಆನೆಯೊಂದು ಸಿಕ್ಕಿಕೊಂಡಿದೆ. ಮೇಲ್ಮೈಯನ್ನು ನುಣುಪಾಗಿ ತಿಕ್ಕಿ, ಅಂದವಾದ ಅಕ್ಷರಗಳಲ್ಲಿ ಶಾಸನಗಳನ್ನು ಮೂಡಿಸಲಾಗಿದೆ. ಒಂದರಲ್ಲಿ ಸುಲ್ತಾನ ತನ್ನನ್ನು ಪ್ರವಾದಿಯ ಮನೆತನದ ಸೇವಕನೆಂದು ಹೇಳಿಕೊಂಡಿದ್ದಾನೆ. ಇನ್ನೊಂದರಲ್ಲಿ ಎರಕಗಾರನ ಹೆಸರಿದೆ. ಅರಸನ ಹೆಸರಿನ ಜೊತೆಗೆ ಕೆಲಸಗಾರನ ಹೆಸರಿಗೂ ಜಾಗ ಸಿಕ್ಕಿತು ಎಂಬುದರಿಂದಲೇ ಅವನಿಗಿದ್ದ ಮನ್ನಣೆ ತಿಳಿಯುತ್ತದೆ.

ಕದನದ ರೂಮಿ ಖಾನ್

ತೋಪು ಆದ 16 ವರ್ಷಗಳ ಮೇಲೆ, 1565ರ ಜನವರಿ 23ರಂದು, ಕೃಷ್ಣೆಯ ತೀರದಲ್ಲಿ ಕದನ ನಡೆಯಿತು. ಸುಲ್ತಾನರ ಸೈನ್ಯಗಳು ಕೂಡಿದ್ದು ತಾಳಿಕೋಟೆಯಲ್ಲಿ. ಕಾದಾಟ ನಡೆದದ್ದು ನಮ್ಮ ಊರಿನಿಂದ ದಕ್ಷಿಣಕ್ಕೆ, ರಕ್ಕಸಗಿ–ತಂಗಡಗಿ ಗ್ರಾಮಗಳ ಕಡೆ ಹೊಳೆ ದಾಟಿದ ಮೇಲೆ. ಬಿಜಾಪುರದಲ್ಲಿ ಕುಳಿತು ಸುಮಾರು 40 ವರ್ಷದ ನಂತರ ಇತಿಹಾಸ ಬರೆದ ಫೆರಿಷ್ತಾನ ಪ್ರಕಾರ, ಹುಸೇನ್ ನಿಜಾಮ್ ಷಾನ ಎದುರು 600 ತೋಪುಗಳು ಮೂರು ಸಾಲಿನಲ್ಲಿ ನಿಂತಿದ್ದವು. ಅವುಗಳ ಮುಖ್ಯಸ್ಥ ಚೆಲೆಬಿ ರೂಮಿ ಖಾನ್. ವಿಜಯನಗರದ ಸೈನ್ಯ ಹತ್ತಿರ ಬಂದಾಗ ತೋಪುಗಳಿಗೆ ತಾಮ್ರದ ನಾಣ್ಯದ ಚೀಲಗಳನ್ನು ತುಂಬಿ ಹಾರಿಸಲಾಯಿತು.

ಈ ಚೆಲೆಬಿಯೇ ಮಹಮ್ಮದ್ ಬಿನ್ ಹಸನ್ ಎಂದು ಬರೆದ ಪುಸ್ತಕಗಳಿವೆ. ಇಬ್ಬರೂ ದುಡಿದದ್ದು ಒಂದೇ ಅರಸುಮನೆಗೆ, ಕಾಲವೂ ಹತ್ತಿರದ್ದೇ. ಆದರೆ ತೋಪಿನ ಮೇಲೆ ಖಾನ್ ಎಂಬ ಬಿರುದಿಲ್ಲ. ಕದನದ ವರ್ಣನೆಯಲ್ಲಿ ಮಹಮ್ಮದ್ ಎಂಬ ಹೆಸರಿಲ್ಲ. ಎರಕ ಹೊಯ್ಯುವುದು ಒಂದು ಕಸಬು, ರಣದಲ್ಲಿ ತೋಪುದಳ ನಡೆಸುವುದು ಇನ್ನೊಂದು. ಸಾವಿರಾರು ಜನರ ಸಾವಿಗೆ ಕಾರಣನಾದವನು ಎಂಬ ಮಾತನ್ನು ಹೆಸರಿನ ಹೋಲಿಕೆಯೊಂದನ್ನೇ ನಂಬಿ ಎರಕಗಾರನ ಮೇಲೆ ಹೊರಿಸುವುದು ನ್ಯಾಯವಲ್ಲ. ಸೇನಾನಿಯ ಗೆಲುವನ್ನು ಅವನ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ.

ತೋಪು ಉಳಿದ ಬಗೆ

ಮುಂದೆ ತೋಪು ಪರಂಡಾ ಕೋಟೆ ಸೇರಿತು. 1632ರಲ್ಲಿ ಮಹಮ್ಮದ್ ಆದಿಲ್ ಷಾನ ಕಾಲದಲ್ಲಿ ಮುರಾರಿ ಪಂಡಿತ ಅದನ್ನು ಬಿಜಾಪುರಕ್ಕೆ ತಂದ. 400 ಎತ್ತು, 10 ಆನೆ, ನೂರಾರು ಆಳುಗಳು ಎಳೆದವೆಂದು ಜನ ಹೇಳುತ್ತಾರೆ. 1686ರಲ್ಲಿ ಬಿಜಾಪುರ ಗೆದ್ದ ಔರಂಗಜೇಬ ತನ್ನ ಶಾಸನವನ್ನೂ ಅದರ ಮೇಲೆ ಕೆತ್ತಿಸಿದ. ಎರಕಗಾರನ ಹೆಸರನ್ನು ಅಳಿಸಲಿಲ್ಲ. 1854ರಲ್ಲಿ ಕಂಪನಿ ಸರಕಾರ ತೋಪನ್ನು ಹರಾಜಿಗಿಟ್ಟಾಗ 150 ರೂಪಾಯಿಗೆ ಕೂಗು ನಿಂತಿತು. ಮಾರಾಟ ರದ್ದಾಯಿತು. ಆಗಿದ್ದರೆ ತೋಪು ಕರಗಿ ಹೋಗುತ್ತಿತ್ತು, ಅದರೊಡನೆ ಮಹಮ್ಮದನ ಹೆಸರೂ.

ತರಗತಿಯಲ್ಲಿ ಬಳಕೆ

ಪ್ರಶಿಕ್ಷಣಾರ್ಥಿಗಳು ಕಪ್ಪುಹಲಗೆಯ ಮೇಲೆ ನಾಲ್ಕು ಕಲಂ ಎಳೆದು ಹೆಸರು, ಅರಸ, ವರ್ಷ, ಮಾಡಿದ ಕೆಲಸ ಎಂದು ಬರೆಯಬಹುದು. ಮೇಲೆ ಹೇಳಿದ ರೂಮಿಗಳನ್ನು ಒಬ್ಬೊಬ್ಬರಾಗಿ ಮಕ್ಕಳೇ ತುಂಬಲಿ. ಯಾವ ಎರಡು ಸಾಲುಗಳನ್ನು ಒಂದುಗೂಡಿಸಬಹುದು, ಅದಕ್ಕೆ ಆಧಾರವೇನು ಎಂದು ಕೇಳಬೇಕು. ಹೆಸರು ಒಂದೇ ಎಂಬ ಉತ್ತರ ಬಂದರೆ ತರಗತಿಯ ಹಾಜರಿ ಪುಸ್ತಕವನ್ನೇ ತೆರೆದು ತೋರಿಸಿದರೆ ಸಾಕು.

ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಇತಿಹಾಸದ ಪಾಠದಲ್ಲಿ ಅರಸರ ಹೆಸರುಗಳೇ ಹೆಚ್ಚು. ಕಮ್ಮಾರ, ಕಂಚುಗಾರ, ಕಲ್ಲುಕುಟಿಗರ ಹೆಸರು ಉಳಿದದ್ದು ಬಹಳ ಕಡಿಮೆ. ಉಳಿದ ಒಂದು ಹೆಸರನ್ನಾದರೂ ಅವನು ಮಾಡಿದ ಕೆಲಸದೊಂದಿಗೆ ಸರಿಯಾಗಿ ಕಲಿಸೋಣ.